ವಿ. ಕೆ. ಕೃಷ್ಣ ಮೆನನ್: ಉಪನಗರದ ಮತ, ದಿಲ್ಲಿಯ ಮಂತ್ರಿಮಂಡಲ

ಮಂತ್ರಿಮಂಡಲವನ್ನು ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಭಾರತ ಸಂವಿಧಾನದ 75ನೆಯ ವಿಧಿಯು ಕೊಡುವ ಉತ್ತರ ಸರಳವಾದುದು. ರಾಷ್ಟ್ರಪತಿಗಳು ಪ್ರಧಾನಮಂತ್ರಿಯನ್ನು ನೇಮಿಸುತ್ತಾರೆ. ಪ್ರಧಾನಿಯ ಸಲಹೆಯಂತೆ ಉಳಿದ ಮಂತ್ರಿಗಳನ್ನು ನೇಮಿಸುತ್ತಾರೆ. ಹೀಗೆ ರೂಪುಗೊಂಡ ಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಮತದಾರನು ಆರಿಸುವುದು ಸದಸ್ಯನನ್ನು, ಮಂತ್ರಿಯನ್ನಲ್ಲ. ಚುನಾವಣೆ ಮುಗಿದ ಮೇಲೆ ಯಾರಿಗೆ ಯಾವ ಖಾತೆ ಎಂಬ ಚರ್ಚೆ ದಿಲ್ಲಿಯ ಬಂಗಲೆಗಳಲ್ಲಿ ನಡೆಯುವಾಗ ಅವನು ತನ್ನ ದಿನಚರಿಗೆ ಮರಳಿರುತ್ತಾನೆ. ಈ ಕ್ರಮಕ್ಕೆ ಅಪವಾದವೆನ್ನಬಹುದಾದ ಒಂದು ಸಂದರ್ಭ ಸ್ವತಂತ್ರ ಭಾರತದ ಚರಿತ್ರೆಯಲ್ಲಿದೆ. 1962ರ ಫೆಬ್ರವರಿಯಲ್ಲಿ ಮುಂಬಯಿಯ ಉತ್ತರದ ಉಪನಗರಗಳ ಜನರ ಮುಂದೆ ಇಡಲಾದ ಪ್ರಶ್ನೆ ಒಬ್ಬ ಸದಸ್ಯನ ಆಯ್ಕೆಯದಾಗಿರಲಿಲ್ಲ. ದೇಶದ ರಕ್ಷಣಾ ಮಂತ್ರಿ ಆ ಸ್ಥಾನದಲ್ಲಿ ಉಳಿಯಬೇಕೆ, ಬೇಡವೆ ಎಂಬುದೇ ಅಲ್ಲಿ ಮತಕ್ಕೆ ಬಿದ್ದಿತ್ತು. ಆ ಮಂತ್ರಿ ವೆಂಗಾಲಿಲ್ ಕೃಷ್ಣನ್ ಕೃಷ್ಣ ಮೆನನ್.

ಆ ಉಪನಗರಗಳ ಸಾಲಿನಲ್ಲಿ ಜೋಗೇಶ್ವರಿಯೂ ಒಂದು. ಅಂಧೇರಿಗೂ ಗೋರೆಗಾಂವಿಗೂ ನಡುವಣ ಈ ನಿಲ್ದಾಣದ ಪೂರ್ವಕ್ಕೆ ಆರನೆಯ ಶತಮಾನದ ಶೈವ ಗುಹಾಲಯವಿದೆ. ಊರಿಗೆ ಹೆಸರು ಬಂದದ್ದು ಅಲ್ಲಿಯ ದೇವಿಯಿಂದ. ಗುಡ್ಡದ ಮೇಲೆ 1930ರಲ್ಲಿ ಆರಂಭವಾದ ಇಸ್ಮಾಯಿಲ್ ಯೂಸುಫ್ ಕಾಲೇಜು ಇದೆ. 1950ರಲ್ಲಿ ಬೃಹನ್ಮುಂಬಯಿ ರೂಪುಗೊಂಡಾಗ ಪಶ್ಚಿಮ ರೈಲುಮಾರ್ಗದ ಕಡೆ ನಗರಪಾಲಿಕೆಯ ಎಲ್ಲೆ ಜೋಗೇಶ್ವರಿಗೆ ಮುಗಿಯುತ್ತಿತ್ತು, ಮಧ್ಯ ರೈಲುಮಾರ್ಗದ ಕಡೆ ಭಾಂಡುಪಿಗೆ. 1957ರ ಫೆಬ್ರವರಿಯಲ್ಲಿ ಆ ಎಲ್ಲೆಯನ್ನು ದಹಿಸರ್ ಮತ್ತು ಮುಲುಂಡಿನವರೆಗೆ ವಿಸ್ತರಿಸಲಾಯಿತು. ಅಂದರೆ, ಮೆನನ್ನರು ಮತ ಕೇಳಲು ಮೊದಲ ಬಾರಿಗೆ ಉತ್ತರ ಮುಂಬಯಿಗೆ ಬಂದ ಹೊತ್ತಿನಲ್ಲಿಯೇ ಜೋಗೇಶ್ವರಿ ಊರಂಚಿನ ನಿಲ್ದಾಣವೆಂಬ ಸ್ಥಿತಿಯಿಂದ ನಗರದ ಒಳಗಿನ ನಿಲ್ದಾಣವೆಂಬ ಸ್ಥಿತಿಗೆ ಬಂದಿತು. ಹೊರಗಿನವರು ಒಳಗಿನವರಾಗುವುದು ಈ ಭಾಗದ ಜನಕ್ಕೆ ಹೊಸ ಅನುಭವವೇನಲ್ಲ. ಅಲ್ಲಿ ನೆಲೆಸಿದವರಲ್ಲಿ ಮರಾಠಿಗರು, ಗುಜರಾತಿಗಳು, ಉರ್ದು ಹಿಂದಿ ಮಾತಿನವರು, ಗೋವೆಯ ಕೊಂಕಣಿಗರು, ಮಲಯಾಳಿಗಳು, ತಮಿಳರು ಇದ್ದರು. ದಕ್ಷಿಣ ಕನ್ನಡದಿಂದ ಬಂದು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ತುಳು ಕನ್ನಡ ಮಾತಿನವರೂ ಇದ್ದರು.

ಮೆನನ್ನರು ಹುಟ್ಟಿದ್ದು 1896ರ ಮೇ 3ರಂದು, ಅಂದಿನ ಮದರಾಸು ಪ್ರಾಂತದ ಮಲಬಾರಿನಲ್ಲಿ. ದಕ್ಷಿಣ ಕನ್ನಡವೂ ಆಗ ಅದೇ ಪ್ರಾಂತದ ಜಿಲ್ಲೆಯಾಗಿದ್ದುದರಿಂದ ಮಂಗಳೂರಿಗೂ ಕಲ್ಲಿಕೋಟೆಗೂ ಆಡಳಿತದ ದೃಷ್ಟಿಯಲ್ಲಿ ನೆರೆಮನೆಯ ಸಂಬಂಧ. ತಂದೆ ಕಲ್ಲಿಕೋಟೆಯ ಹೆಸರಾಂತ ವಕೀಲರು. ಮಗ ಕಲ್ಲಿಕೋಟೆಯ ಸಾಮೂದಿರಿ ಕಾಲೇಜು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜುಗಳಲ್ಲಿ ಓದಿ ಅನಿ ಬೆಸಂಟರ ಪ್ರಭಾವಕ್ಕೆ ಒಳಗಾದರು. 1924ರಲ್ಲಿ ಅಲ್ಪಕಾಲದ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೋದವರು ಅಲ್ಲಿ ಕಾಲು ಶತಮಾನಕ್ಕೂ ಮಿಕ್ಕಿ ನೆಲೆಸಿದರು. ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯದಲ್ಲಿ ಹೆರಾಲ್ಡ್ ಲಾಸ್ಕಿಯವರ ಶಿಷ್ಯತ್ವ ದೊರೆಯಿತು. ಸಮಾಜವಾದ ಅವರಿಗೆ ಅಲ್ಲಿಂದ ಬಂದ ಬಳುವಳಿ. ನಾಲಗೆಯ ಹರಿತಕ್ಕೆ ಮಾತ್ರ ಯಾವ ಗುರುವಿನ ಋಣವೂ ಇರಲಾರದು.

ಲಂಡನ್ನಿನ ವರ್ಷಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲವಾದರೂ ಮೂರು ಸಂಗತಿಗಳನ್ನು ಹೇಳದೆ ಮುಂದೆ ಹೋಗಲಾಗದು. ಇಂಡಿಯಾ ಲೀಗ್ ಎಂಬ ಸಂಸ್ಥೆಯನ್ನು ಬ್ರಿಟನ್ನಿನಲ್ಲಿ ಭಾರತದ ಸ್ವಾತಂತ್ರ್ಯದ ಮುಖವಾಣಿಯನ್ನಾಗಿ ರೂಪಿಸಿದವರು ಮೆನನ್ನರು. 1934ರಿಂದ 1947ರವರೆಗೆ ಲೇಬರ್ ಪಕ್ಷದ ಪರವಾಗಿ ಸೇಂಟ್ ಪ್ಯಾಂಕ್ರಾಸ್ ಪುರಸಭೆಯ ಸದಸ್ಯರಾಗಿದ್ದುದು ಎರಡನೆಯದು. ಪರದೇಶದ ನಗರವೊಂದರ ಬೀದಿಗಳಲ್ಲಿ ಮನೆಮನೆಗೆ ಹೋಗಿ ಮತ ಕೇಳಿದ ಅನುಭವ ಅಂದಿನ ಭಾರತೀಯ ಮುಖಂಡರಲ್ಲಿ ಎಷ್ಟು ಜನಕ್ಕಿತ್ತು? ಮುಂದೆ ಮುಂಬಯಿಯಲ್ಲಿ ಅವರನ್ನು ಹೊರಗಿನವರೆಂದು ಕರೆದಾಗ ಈ ಸಂಗತಿಯನ್ನು ಯಾರೂ ನೆನೆಯಲಿಲ್ಲ. ಮೂರನೆಯದು ಪುಸ್ತಕಗಳ ಒಡನಾಟ. 1937ರಲ್ಲಿ ಆರಂಭವಾದ ಪೆಲಿಕನ್ ಮಾಲೆಯ ಮೊದಲ ಸಂಪಾದಕರಲ್ಲಿ ಅವರೊಬ್ಬರು. ಜವಾಹರಲಾಲ್ ನೆಹರೂ ಅವರ ಆತ್ಮಕಥೆ 1936ರಲ್ಲಿ ಲಂಡನ್ನಿನಿಂದ ಪ್ರಕಟವಾಗುವಾಗ ಪ್ರಕಾಶನದ ಹೊಣೆಯನ್ನು ನೋಡಿಕೊಂಡವರೂ ಅವರೇ. 1938ರಲ್ಲಿ ಇಬ್ಬರೂ ಒಟ್ಟಿಗೆ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಸ್ಪೇನಿಗೆ ಹೋಗಿ ಬಂದರು. ಮೆನನ್ನರ ಉತ್ತರಾರ್ಧದ ಬದುಕಿಗೆಲ್ಲ ಈ ಸ್ನೇಹವೇ ಆಧಾರಸ್ತಂಭ. ಅವರ ಪತನಕ್ಕೂ ಅದೇ ಒಂದು ಕಾರಣವಾಯಿತು. ಬೇರೆ ಆಧಾರವನ್ನು ಕಟ್ಟಿಕೊಳ್ಳುವ ಅವಶ್ಯಕತೆಯೇ ಅವರಿಗೆ ಕಾಣಲಿಲ್ಲ.

ಸ್ವಾತಂತ್ರ್ಯಾನಂತರ ಅವರು ಲಂಡನ್ನಿನಲ್ಲಿ ಭಾರತದ ಹೈಕಮಿಷನರಾದರು. ಸೈನ್ಯಕ್ಕಾಗಿ ಜೀಪುಗಳನ್ನು ಕೊಳ್ಳುವ ಒಪ್ಪಂದದಲ್ಲಿ ನಿಯಮಗಳನ್ನು ಬದಿಗಿರಿಸಿದರೆಂಬ ಆಪಾದನೆ ಬಂದುದು ಆಗಲೇ. ಬಂದಿಳಿದವು 155 ಜೀಪುಗಳು, ಅವೂ ಉಪಯೋಗಕ್ಕೆ ಬಾರದ ಸ್ಥಿತಿಯಲ್ಲಿ. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲವಾಯಿತು. 1955ರಲ್ಲಿ ಸರ್ಕಾರ ಪ್ರಕರಣವನ್ನು ಮುಕ್ತಾಯಗೊಳಿಸಿತು. 1956ರ ಫೆಬ್ರವರಿ 3ರಂದು ಮೆನನ್ನರು ಖಾತೆಯಿಲ್ಲದ ಮಂತ್ರಿಯಾಗಿ ನೆಹರೂ ಮಂಡಲವನ್ನು ಪ್ರವೇಶಿಸಿದರು. ಮೌಲಾನಾ ಆಜಾದರಂಥ ಹಿರಿಯರಿಗೆ ಈ ನೇಮಕ ಒಪ್ಪಿಗೆಯಾಗಿರಲಿಲ್ಲ. ಹೊಸ ಮಂತ್ರಿ ಆಗ ಮದರಾಸಿನಿಂದ ರಾಜ್ಯಸಭೆಗೆ ಬಂದ ಸದಸ್ಯ. ಪಕ್ಷದಲ್ಲಿ ಅವರಿಗೆ ಊರಿಲ್ಲ, ಬಳಗವಿಲ್ಲ, ಪ್ರಾಂತೀಯ ಸಮಿತಿಯೊಂದರ ಬೆಂಬಲವಿಲ್ಲ. ಪ್ರಧಾನಿಯ ವಿಶ್ವಾಸವೊಂದೇ ಇದ್ದ ಮಂತ್ರಿಗೆ ಜನರ ಮತದ ಮುದ್ರೆ ಬೇಕಾಗಿತ್ತು.

ಆ ಮುದ್ರೆ ಒದಗಿದ್ದು 1957ರಲ್ಲಿ. ಆ ವರ್ಷದ ಜನವರಿ 23 ಮತ್ತು 24ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಅವರು ಸುಮಾರು ಎಂಟು ಗಂಟೆಗಳ ಕಾಲ ಮಾತನಾಡಿ ಬಳಲಿ ಕುಸಿದ ಸುದ್ದಿ ಭಾರತದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆ ಕೀರ್ತಿಯ ಬೆನ್ನಿಗೇ ಅವರು ಉತ್ತರ ಮುಂಬಯಿಯಿಂದ ಕಾಂಗ್ರೆಸ್ ಅಭ್ಯರ್ಥಿಯಾದರು. ಕಾಲ ಮಾತ್ರ ಕಾಂಗ್ರೆಸ್ಸಿಗೆ ಅನುಕೂಲವಾಗಿರಲಿಲ್ಲ. 1956ರ ನವೆಂಬರ್ 1ರಂದು ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಕಳಚಿ ಮೈಸೂರಿಗೆ ಸೇರಿ ಕನ್ನಡಿಗರ ಏಕೀಕರಣ ಬಹುಮಟ್ಟಿಗೆ ಕೈಗೂಡಿದ್ದರೆ, ಮರಾಠಿ ಗುಜರಾತಿಗಳನ್ನು ಒಂದೇ ದ್ವಿಭಾಷಾ ರಾಜ್ಯದಲ್ಲಿ ಉಳಿಸಲಾಗಿತ್ತು. ಸಂಯುಕ್ತ ಮಹಾರಾಷ್ಟ್ರ ಸಮಿತಿಯ ಅಲೆ ಮುಂಬಯಿಯನ್ನು ಆವರಿಸಿತ್ತು. ಸಮಿತಿಯ ಅಂಗವಾಗಿದ್ದ ಪ್ರಜಾ ಸಮಾಜವಾದಿ ಪಕ್ಷದಿಂದ ಗೋವಾ ವಿಮೋಚನೆಯ ಹೋರಾಟಗಾರ ಪೀಟರ್ ಆಲ್ವಾರಿಸ್ ಎದುರು ನಿಂತರು. ಮಧ್ಯ ಮುಂಬಯಿಯಲ್ಲಿ ಡಾಂಗೆಯವರು ಗೆದ್ದ ಆ ಚುನಾವಣೆಯಲ್ಲಿ ಉತ್ತರ ಮುಂಬಯಿ ಮೆನನ್ನರಿಗೆ 1,71,708 ಮತಗಳನ್ನು ಕೊಟ್ಟಿತು; ಆಲ್ವಾರಿಸರಿಗೆ 1,23,967.

ನೆಹರೂ ಅವರ ಹೊಸ ಮಂತ್ರಿಮಂಡಲ 1957ರ ಏಪ್ರಿಲಿನಲ್ಲಿ ರೂಪುಗೊಂಡಾಗ ಮೆನನ್ನರು ರಕ್ಷಣಾ ಮಂತ್ರಿಯಾದರು. ಕೈಲಾಸನಾಥ ಕಾಟ್ಜು ಅವರು ಮಧ್ಯಪ್ರದೇಶದ ಮುಖ್ಯಮಂತ್ರಿಯಾಗಿ ತೆರಳಿದ ಬಳಿಕ ಕೆಲವು ತಿಂಗಳು ಪ್ರಧಾನಿಯೇ ಆ ಖಾತೆಯನ್ನು ಇರಿಸಿಕೊಂಡಿದ್ದರು. ಈ ಆಯ್ಕೆಯ ಸ್ವರೂಪವನ್ನು ಅರಿಯಲು ಕನ್ನಡದ ಹಳೆಯ ಪರಿಭಾಷೆ ನೆರವಾಗುತ್ತದೆ. ನಮ್ಮ ಶಾಸನಗಳು ಸಂಧಿವಿಗ್ರಹಿಯನ್ನೂ ದಂಡನಾಯಕನನ್ನೂ ಬೇರೆಬೇರೆಯಾಗಿ ಹೆಸರಿಸುತ್ತವೆ. ಕರ್ಣಾಟಕ ಪಂಚತಂತ್ರವನ್ನು ಬರೆದ ದುರ್ಗಸಿಂಹನು ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಪರರಾಜ್ಯಗಳೊಡನೆ ಮಾತು ಅವನ ಆಯುಧ. ಗಂಗರ ಚಾವುಂಡರಾಯನಂತೆ ಮಂತ್ರಿಯೂ ಸೇನಾನಿಯೂ ಆಗಿ ಎರಡನ್ನೂ ಸಲೀಸಾಗಿ ನಿರ್ವಹಿಸಿದವರು ವಿರಳ. ಮೆನನ್ನರು ಮೂಲತಃ ಸಂಧಿವಿಗ್ರಹಿ. ಕೊರಿಯಾದಲ್ಲಿ, ಇಂಡೋಚೈನಾದಲ್ಲಿ, ಸೂಯೆಜ್ ಬಿಕ್ಕಟ್ಟಿನಲ್ಲಿ ಅವರ ಬುದ್ಧಿ ಬೆಳಗಿದ್ದು ಮಾತಿನ ಮೇಜಿನ ಮುಂದೆ. ಅಂಥವರನ್ನು ದಂಡನಾಯಕನ ಪೀಠದಲ್ಲಿ ಕೂರಿಸಲಾಯಿತು. ಮೇಲಾಗಿ ವಿಶ್ವಸಂಸ್ಥೆಯ ನಿಯೋಗದ ಕೆಲಸವನ್ನೂ ಅವರಿಂದ ಪೂರ್ತಿಯಾಗಿ ತೆಗೆಯಲಿಲ್ಲ. ರಕ್ಷಣಾ ಮಂತ್ರಿ ವರ್ಷದ ಕೆಲವು ವಾರಗಳನ್ನು ನ್ಯೂಯಾರ್ಕಿನಲ್ಲಿ ಕಳೆಯುವ ಏರ್ಪಾಡು ವಿಚಿತ್ರವೇ ಸರಿ.

ಹಾಗೆಂದು ಅವರು ಆ ಖಾತೆಯಲ್ಲಿ ನಿಷ್ಕ್ರಿಯರಾಗಿದ್ದರೆಂದರೆ ಅನ್ಯಾಯವಾದೀತು. ಆಯುಧಗಳನ್ನು ಹೊರಗಿನಿಂದ ಕೊಳ್ಳುವ ದೇಶಕ್ಕೆ ಸ್ವತಂತ್ರ ವಿದೇಶನೀತಿ ಇರಲಾರದೆಂಬುದು ಅವರ ದೃಢವಾದ ನಂಬಿಕೆ. 1958ರಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಸ್ಥಾಪಿತವಾಯಿತು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ತಂಡ ರೂಪಿಸಿದ ಮರುತ್ ಯುದ್ಧವಿಮಾನ 1961ರ ಜೂನಿನಲ್ಲಿ ಮೊದಲ ಬಾರಿಗೆ ಹಾರಿತು. ಅದೇ ವರ್ಷ ಸೈನಿಕ ಶಾಲೆಗಳು ಆರಂಭವಾದವು. ಬೆಂಗಳೂರು ರಕ್ಷಣಾ ಉದ್ಯಮದ ನಗರವಾಗಿ ಬೆಳೆದ ಕಥೆಯಲ್ಲಿ ಈ ವರ್ಷಗಳಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸರಿಯಾಗಿ ಸಂದಿಲ್ಲ.

ಕರ್ನಾಟಕಕ್ಕೆ ಸಂಬಂಧಿಸಿದ ಇನ್ನೊಂದು ಎಳೆ ಇಷ್ಟು ಸುಖದ್ದಲ್ಲ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಮಡಿಕೇರಿಯವರು. ಮೆನನ್ನರಿಗೂ ಅವರಿಗೂ ನಡುವೆ ಹಳೆಯದೊಂದು ನಂಟಿತ್ತು. 1952ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಕೊರಿಯಾದ ಯುದ್ಧಕೈದಿಗಳ ಕುರಿತ ಭಾರತದ ನಿರ್ಣಯ ಮೆನನ್ನರ ಕೈಯಲ್ಲಿ ರೂಪುಗೊಂಡದ್ದು. ಮರುವರ್ಷ ಆ ಕೈದಿಗಳ ಹಸ್ತಾಂತರಕ್ಕಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ತಿಮ್ಮಯ್ಯನವರು. ಒಬ್ಬರ ಮಾತನ್ನು ಮತ್ತೊಬ್ಬರು ಕೃತಿಗಿಳಿಸಿದ್ದರು. ಅಂಥ ಇಬ್ಬರು ಒಂದೇ ಸಚಿವಾಲಯದ ಸೂರಿನಡಿ ಹೊಂದಿಕೊಳ್ಳಲಾರದೆ ಹೋದರು. ಬಡ್ತಿಗಳಲ್ಲಿ ಮಂತ್ರಿಯ ಹಸ್ತಕ್ಷೇಪ, ಚೀನಾದ ಕಡೆಯ ಅಪಾಯವನ್ನು ಕಡಿಮೆಯಾಗಿ ಎಣಿಸುವುದು, ಹಿರಿಯ ಅಧಿಕಾರಿಗಳನ್ನು ಎಲ್ಲರೆದುರು ಚುಚ್ಚಿ ಮಾತಾಡುವುದು ಇವುಗಳಿಂದ ಬೇಸತ್ತ ತಿಮ್ಮಯ್ಯನವರು 1959ರ ಆಗಸ್ಟ್ 31ರಂದು ರಾಜೀನಾಮೆಯನ್ನು ಕಳುಹಿಸಿದರು. ಪ್ರಧಾನಿಯ ಮಾತಿಗೆ ಬೆಲೆಕೊಟ್ಟು ಅದನ್ನು ಹಿಂತೆಗೆದುಕೊಂಡರು. ನೆಹರೂ ಅವರು ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ಕೊಟ್ಟ ಹೇಳಿಕೆ ಮಾತ್ರ ಸೇನಾಧಿಪತಿಯ ವರ್ತನೆಯನ್ನು ಹಗುರವಾಗಿ ಕಾಣುವಂತಿತ್ತು. ರಾಜೀನಾಮೆ ಹಿಂತೆಗೆಸಿದವರೇ ಹೀಗೆ ನುಡಿದದ್ದು ಕೊಡಗಿನಲ್ಲಿ ನೋವನ್ನು ಉಳಿಸಿತು. ಮಂತ್ರಿ ಸ್ಥಾನದಲ್ಲಿ ಉಳಿದರು. ಜನರಲ್ಲರು 1961ರ ಮೇ ತಿಂಗಳಲ್ಲಿ ನಿವೃತ್ತರಾದರು.

ಈ ಹಿನ್ನೆಲೆಯಲ್ಲಿ 1961ರ ಏಪ್ರಿಲ್ 11ರಂದು ಆಚಾರ್ಯ ಜೆ. ಬಿ. ಕೃಪಲಾನಿಯವರು ಲೋಕಸಭೆಯಲ್ಲಿ ರಕ್ಷಣಾ ಮಂತ್ರಿಯ ಮೇಲೆ ನಡೆಸಿದ ವಾಗ್ದಾಳಿ ಅಂದಿನ ಸಂಸದೀಯ ಇತಿಹಾಸದಲ್ಲಿ ಪ್ರಸಿದ್ಧವಾದುದು. ಯುದ್ಧವಿಲ್ಲದೆ ಚೀನಾಕ್ಕೆ ನೆಲ ಬಿಟ್ಟುಕೊಟ್ಟುದು, ಸೇನೆಯಲ್ಲಿ ಗುಂಪುಗಾರಿಕೆ ಬೆಳೆಸಿದ್ದು ಎಂಬ ಎರಡು ಆರೋಪಗಳು ಅದರ ಸಾರ. ಸ್ವಾತಂತ್ರ್ಯ ಬಂದ ವರ್ಷ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಕೃಪಲಾನಿಯವರು ಬಿಹಾರದ ಸೀತಾಮಢಿಯ ಸದಸ್ಯರು. ಮುಂದಿನ ಚುನಾವಣೆ ಬಂದಾಗ ಅವರು ಆ ಸುರಕ್ಷಿತ ಕ್ಷೇತ್ರವನ್ನು ಬಿಟ್ಟು, 73ರ ಇಳಿವಯಸ್ಸಿನಲ್ಲಿ, ಮೆನನ್ನರನ್ನು ಅವರ ಅಂಗಳದಲ್ಲಿಯೇ ಎದುರಿಸಲು ಉತ್ತರ ಮುಂಬಯಿಗೆ ಬಂದರು. ಪ್ರಜಾ ಸಮಾಜವಾದಿಗಳು, ಜನಸಂಘ, ಸ್ವತಂತ್ರ ಪಕ್ಷ ಮುಂತಾಗಿ ತಮ್ಮತಮ್ಮಲ್ಲಿ ಹೊಂದದವರೆಲ್ಲ ಅವರ ಹಿಂದೆ ನಿಂತರು. ಕಮ್ಯುನಿಸ್ಟರು ಮೆನನ್ನರ ಪರ. ಕೃಪಲಾನಿಯವರ ಪತ್ನಿ ಸುಚೇತಾ ಅವರು ಆಗಲೂ ಕಾಂಗ್ರೆಸ್ಸಿನಲ್ಲಿಯೇ ಇದ್ದರೆಂಬುದು ಆ ಕಾಲದ ರಾಜಕಾರಣದ ಸೊಗಸುಗಳಲ್ಲೊಂದು.

ಮೆನನ್ನರ ನಿಜವಾದ ತೊಡಕು ಎದುರು ಪಾಳೆಯದಲ್ಲಿರಲಿಲ್ಲ. ಮುಂಬಯಿ ಕಾಂಗ್ರೆಸ್ಸಿನ ಸೂತ್ರ ಸದಾಶಿವ ಕಾನೋಜಿ ಪಾಟೀಲರ ಕೈಯಲ್ಲಿತ್ತು. ಪಾಟೀಲರು ಸ್ವತಃ ಕೇಂದ್ರದ ಮಂತ್ರಿ, ದಕ್ಷಿಣ ಮುಂಬಯಿಯ ಸದಸ್ಯರು. ಅರ್ಥನೀತಿಯಲ್ಲಿಯೂ ವಿದೇಶನೀತಿಯಲ್ಲಿಯೂ ಮೆನನ್ನರಿಗೆ ನೇರ ವಿರುದ್ಧ ದಿಕ್ಕಿನವರು. ಮೊರಾರ್ಜಿ ದೇಸಾಯಿಯವರಿಗೂ ಮೆನನ್ನರಿಗೂ ಆಗಿಬರುತ್ತಿರಲಿಲ್ಲ. ಮೆನನ್ನರಿಗೆ ಟಿಕೆಟ್ಟು ಕೊಡುವುದೇ ಬೇಡವೆಂಬ ಭಾವನೆ ಸ್ಥಳೀಯ ಕಾಂಗ್ರೆಸ್ಸಿನಲ್ಲಿ ಬಲವಾಗಿತ್ತು. ನೆಹರೂ ಅವರು ಪಟ್ಟು ಹಿಡಿದರು. ಮುಂಬಯಿಗೆ ಬಂದು, ಮೆನನ್ನರನ್ನು ವಿರೋಧಿಸುವವರು ತಮ್ಮ ಸಮಾಜವಾದವನ್ನೂ ಅಲಿಪ್ತ ನೀತಿಯನ್ನೂ ವಿರೋಧಿಸುವವರೆಂದೇ ಭಾವಿಸುವುದಾಗಿ ಸಾರ್ವಜನಿಕವಾಗಿ ಹೇಳಿದರು. ಚುನಾವಣೆಯ ಸ್ವರೂಪವೇ ಇದರಿಂದ ಬದಲಾಯಿತು. ಸಂವಿಧಾನವು ಪ್ರಧಾನಿಗೆ ವಹಿಸಿದ ಆಯ್ಕೆಯನ್ನು ಪ್ರಧಾನಿಯೇ ಬೋರಿವಲಿಯ, ಜೋಗೇಶ್ವರಿಯ, ಅಂಧೇರಿಯ ಮತದಾರರ ಕೈಗೆ ಕೊಟ್ಟಂತಾಯಿತು. ಸಂಪುಟದೊಳಗಿನ ವೈರವನ್ನು ತೀರ್ಮಾನಿಸಲು ಸಂಪುಟದಲ್ಲಿಯೇ ದಾರಿಯಿರುವಾಗ ಅದನ್ನು ಉಪನಗರದ ಮೈದಾನಗಳಿಗೆ ಒಯ್ದದ್ದು ನೆಹರೂ ಅವರ ಧೈರ್ಯವೋ ದೌರ್ಬಲ್ಯವೋ ಎಂಬ ಬಗ್ಗೆ ಎರಡು ಮಾತಿಗೆ ಅವಕಾಶವಿದೆ. ಸಹೋದ್ಯೋಗಿಗಳನ್ನು ಒಪ್ಪಿಸಲಾಗದ ಪ್ರಧಾನಿ ಜನರನ್ನು ಒಪ್ಪಿಸಲು ಹೊರಟರೆಂಬುದೇ ವಾಸ್ತವಕ್ಕೆ ಹೆಚ್ಚು ಹತ್ತಿರವಾದ ಮಾತು.

1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಗೋವೆಯನ್ನು ಪ್ರವೇಶಿಸಿ ಎರಡೇ ದಿನಗಳಲ್ಲಿ ಪೋರ್ಚುಗೀಸರ ಆಳ್ವಿಕೆಯನ್ನು ಕೊನೆಗೊಳಿಸಿತು. ಮತದಾನಕ್ಕೆ ಎರಡು ತಿಂಗಳು ಉಳಿದಿದ್ದಾಗ ನಡೆದ ಈ ಕಾರ್ಯಾಚರಣೆಯ ಹೊತ್ತುಗಳಿಗೆಯನ್ನು ವಿರೋಧಿಗಳು ಸಂಶಯದಿಂದ ನೋಡಿದರು. ಗೋವೆಯ ಪ್ರಶ್ನೆ ಹದಿನಾಲ್ಕು ವರ್ಷಗಳಿಂದ ಕಾದಿದ್ದುದರಿಂದ ಆ ಸಂಶಯವನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಗೋವೆಯ ನಂಟುಳ್ಳವರು ಹೇರಳವಾಗಿದ್ದ ಕ್ಷೇತ್ರದಲ್ಲಿ ಅದರ ಪರಿಣಾಮವಾಗಿರಲಾರದೆನ್ನುವುದೂ ಕಷ್ಟ. ಪ್ರಚಾರಕ್ಕೆ ದಿಲೀಪ್ ಕುಮಾರರಂಥ ಜನಪ್ರಿಯ ನಟರು ಇಳಿದರು. ಮೆನನ್ನರ ಭಾಷಣ ಇಂಗ್ಲಿಷಿನಲ್ಲಿ. ಮರಾಠಿ ಹಿಂದಿಗಳ ಮೇಲೆ ಅವರಿಗೆ ಹಿಡಿತವಿರಲಿಲ್ಲ. ಆದರೂ ಊರುಬಿಟ್ಟು ಬಂದು ನೆಲೆಯೂರಿದ ಜನಕ್ಕೆ ಯಾವ ಊರಿಗೂ ಸೇರದ ಈ ಒಂಟಿ ಮನುಷ್ಯ ತಮ್ಮವನೆಂದು ಕಂಡಿರಬೇಕು. ಕೈಯಲ್ಲಿ ಬೆತ್ತ, ಕೃಶವಾದ ದೇಹ, ಸಂಸಾರವಿಲ್ಲದ ಬದುಕು, ಊಟಕ್ಕಿಂತ ಹೆಚ್ಚಾಗಿ ಚಹದ ಮೇಲೆ ನಡೆಯುವ ದಿನಗಳು. ದುಡಿದು ಬದುಕುವ ಉಪನಗರಕ್ಕೆ ಈ ಚಿತ್ರ ಅಪರಿಚಿತವಾದುದಲ್ಲ.

ಫಲಿತಾಂಶ ಪ್ರಕಟವಾದಾಗ ಮೆನನ್ನರಿಗೆ 2,96,804 ಮತಗಳು, ಕೃಪಲಾನಿಯವರಿಗೆ 1,51,437. ಕ್ಷೇತ್ರದ ಆರು ವಿಧಾನಸಭಾ ವಿಭಾಗಗಳಲ್ಲಿ ಎಲ್ಲ ಕಡೆಯೂ ಮೆನನ್ನರದೇ ಮೇಲುಗೈ. ದೇಶದಲ್ಲಿ ಕಾಂಗ್ರೆಸ್ 361 ಸ್ಥಾನಗಳನ್ನು ಪಡೆದು ಮತ್ತೆ ಅಧಿಕಾರಕ್ಕೆ ಬಂದಿತು.

1962ರ ಏಪ್ರಿಲಿನಲ್ಲಿ ರಾಷ್ಟ್ರಪತಿ ರಾಜೇಂದ್ರಪ್ರಸಾದರ ಸಮ್ಮುಖದಲ್ಲಿ ಪ್ರಮಾಣವಚನ ಸ್ವೀಕರಿಸಿದ ಮಂತ್ರಿಮಂಡಲದ ಪಟ್ಟಿಯನ್ನು ನೋಡಿದರೆ, ಅದು ಒಂದು ಮನಸ್ಸಿನ ಮಂಡಲವಾಗಿರಲಿಲ್ಲವೆಂಬುದು ಮೇಲ್ನೋಟಕ್ಕೇ ತಿಳಿಯುತ್ತದೆ. ಹಣಕಾಸು ಮೊರಾರ್ಜಿಯವರಲ್ಲಿ ಉಳಿಯಿತು. ಗೃಹ ಖಾತೆ ಲಾಲ್ ಬಹಾದೂರ್ ಶಾಸ್ತ್ರಿಯವರದು. ಆಹಾರ ಮತ್ತು ಕೃಷಿ ಪಾಟೀಲರದು. ಜಗಜೀವನರಾಮ್, ಗುಲ್ಜಾರಿಲಾಲ್ ನಂದಾ, ಸ್ವರಣಸಿಂಗ್ ಮುಂತಾದ ಹಳಬರು ಇದ್ದರು, ಮದರಾಸಿನಿಂದ ಸಿ. ಸುಬ್ರಹ್ಮಣ್ಯಂ ಹೊಸದಾಗಿ ಬಂದರು. ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿದ್ದ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು ವಾಣಿಜ್ಯ ಮತ್ತು ಕೈಗಾರಿಕಾ ಮಂತ್ರಿಗಳು. ಪ್ರಾಂತಗಳ ತೂಕ, ಪಕ್ಷದೊಳಗಿನ ಬಣಗಳ ತೂಕ, ಅನುಭವದ ತೂಕ, ಇವನ್ನೆಲ್ಲ ನೋಡಿ ಹೊಂದಿಸುವುದು ಭಾರತದಲ್ಲಿ ಮಂತ್ರಿಮಂಡಲ ರಚನೆಯ ರೂಢಿ. ರೆಡ್ಡಿಯವರಿಗೆ ಮೈಸೂರು ಇತ್ತು, ಪಾಟೀಲರಿಗೆ ಮುಂಬಯಿಯ ಕಾಂಗ್ರೆಸ್ ಸಮಿತಿ ಇತ್ತು, ಮೊರಾರ್ಜಿಯವರಿಗೆ ಗುಜರಾತು ಇತ್ತು. ಇಂಥ ಯಾವ ತಕ್ಕಡಿಯಲ್ಲಿಯೂ ಮೆನನ್ನರನ್ನು ಇಟ್ಟು ತೂಗುವಂತಿರಲಿಲ್ಲ. ಅವರ ಕಡೆಗಿದ್ದ ತೂಕವೆಂದರೆ ಉತ್ತರ ಮುಂಬಯಿಯ ಆ ಮೂರು ಲಕ್ಷದಷ್ಟು ಮತ. ಅವರನ್ನು ರಕ್ಷಣಾ ಖಾತೆಯಿಂದ ಬದಲಿಸಬೇಕೆಂದು ಹೇಳುತ್ತಿದ್ದವರ ಬಾಯಿಯನ್ನು ಆ ಅಂಕಿ ಮುಚ್ಚಿಸಿತು. ಖಾತೆ ಅವರಲ್ಲಿಯೇ ಉಳಿಯಿತು. ಅದೇ ವಸಂತದಲ್ಲಿ ನೆಹರೂ ಅವರ ಆರೋಗ್ಯ ಗಂಭೀರವಾಗಿ ಕೆಟ್ಟು, ಅವರ ತರುವಾಯ ಯಾರೆಂಬ ಮಾತು ಮಂತ್ರಿಗಳ ನಡುವೆಯೇ ಓಡಾಡತೊಡಗಿತು. ಮೇಜಿನ ಸುತ್ತ ಕುಳಿತವರು ಒಬ್ಬರನ್ನೊಬ್ಬರು ಅಳೆಯುವ ಕಣ್ಣಿನಿಂದ ನೋಡುವಂತಾದ ಮೇಲೆ ಗಡಿಯ ಕಡೆ ಪೂರ್ತಿ ಗಮನ ಹರಿಯುವುದು ಹೇಗೆ?

ಆದರೆ ಮತಗಳ ಆ ರಾಶಿಗೆ ಒಂದು ಮಿತಿಯಿತ್ತು. ಮೆನನ್ನರ ಮೇಲಿನ ಆರೋಪ ನಿಜವೋ ಸುಳ್ಳೋ ಎಂಬುದನ್ನು ಅದು ನಿರ್ಣಯಿಸಲಾರದು. ಗಡಿಯ ಠಾಣ್ಯಗಳಲ್ಲಿ ಹತ್ತಿಯ ಬಟ್ಟೆ ತೊಟ್ಟು ನಿಂತ ಜವಾನರ ಸ್ಥಿತಿ ಜೋಗೇಶ್ವರಿಯ ಮತದಾರನಿಗೆ ತಿಳಿಯುವ ದಾರಿ ಯಾವುದು? ಗೆಲುವನ್ನು ನೆಹರೂ ಅವರೂ ಮೆನನ್ನರೂ ನೀತಿಗೆ ದೊರೆತ ಸಮ್ಮತಿಯೆಂದು ಓದಿಕೊಂಡರು. ತಿಮ್ಮಯ್ಯನವರು ಎತ್ತಿದ್ದ ಪ್ರಶ್ನೆಗಳು ಉತ್ತರವಿಲ್ಲದೆ ಬದಿಗೆ ಸರಿದವು. 1962ರ ಅಕ್ಟೋಬರ್ 20ರಂದು ಚೀನಾದ ಸೇನೆ ಲಡಾಖಿನಲ್ಲಿಯೂ ಈಶಾನ್ಯ ಗಡಿಯಲ್ಲಿಯೂ ನುಗ್ಗಿತು. ಭಾರತದ ಠಾಣ್ಯಗಳು ಒಂದರ ಹಿಂದೊಂದು ಬಿದ್ದವು.

ದಿಲ್ಲಿಯಲ್ಲಿ ಆ ಮೇಲೆ ನಡೆದುದು ಮಂತ್ರಿಮಂಡಲದ ಪುನಾರಚನೆಯ ಅತ್ಯಂತ ಕಹಿಯಾದ ಪ್ರಕರಣಗಳಲ್ಲೊಂದು. ವಿರೋಧಪಕ್ಷಗಳಿಗಿಂತ ಕಾಂಗ್ರೆಸ್ ಸಂಸದೀಯ ಪಕ್ಷದ ಸದಸ್ಯರೇ ಮೆನನ್ನರ ನಿರ್ಗಮನಕ್ಕೆ ಒತ್ತಾಯಿಸಿದರು. ಅಕ್ಟೋಬರ್ 31ರಂದು ನೆಹರೂ ಅವರು ರಕ್ಷಣಾ ಖಾತೆಯನ್ನು ತಾವೇ ವಹಿಸಿಕೊಂಡು ಮೆನನ್ನರಿಗೆ ರಕ್ಷಣಾ ಉತ್ಪಾದನೆಯ ಖಾತೆಯನ್ನು ಕೊಟ್ಟರು. ಮಿತ್ರನನ್ನು ಪೂರ್ತಿಯಾಗಿ ಕೈಬಿಡಲಾರದವರ ಈ ಅರೆಮನಸ್ಸಿನ ಏರ್ಪಾಡು ಒಂದು ವಾರವೂ ನಿಲ್ಲಲಿಲ್ಲ. ಖಾತೆಯ ಹೆಸರು ಬದಲಾದರೂ ಕೆಲಸ ಬಹುಮಟ್ಟಿಗೆ ಹಿಂದಿನಂತೆಯೇ ನಡೆದಿದೆಯೆಂಬ ಧ್ವನಿಯ ಮಾತು ಮೆನನ್ನರ ಬಾಯಿಂದಲೇ ಹೊರಬಿದ್ದುದು ಉರಿಯುವ ಬೆಂಕಿಗೆ ತುಪ್ಪವಾಯಿತು. ಯಾವಾಗ ಸುಮ್ಮನಿರಬೇಕೆಂಬುದನ್ನು ಆ ಮಹಾವಾಗ್ಮಿ ಕೊನೆಗೂ ಕಲಿಯಲಿಲ್ಲ. ನವೆಂಬರ್ 7ರಂದು ಅವರ ರಾಜೀನಾಮೆ ಅಂಗೀಕೃತವಾಯಿತು. ಏಪ್ರಿಲಿನಿಂದ ಎಣಿಸಿದರೆ ಏಳು ತಿಂಗಳು. ಅವರ ಜಾಗಕ್ಕೆ ಮುಂಬಯಿಯಿಂದಲೇ ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವಾಣರನ್ನು ಕರೆಸಲಾಯಿತು. ಚವಾಣರ ಹಿಂದೆ ಒಂದು ರಾಜ್ಯವಿತ್ತು, ಆ ರಾಜ್ಯದ ಕಾಂಗ್ರೆಸ್ ಒಟ್ಟಾಗಿ ಇತ್ತು.

ಗಮನಿಸಬೇಕಾದ ಸಂಗತಿಯೆಂದರೆ, ಸದಸ್ಯನನ್ನು ಕೊಟ್ಟ ಮತದಾರರನ್ನು ಈ ಬಾರಿ ಯಾರೂ ಕೇಳಲಿಲ್ಲ. ಕೇಳುವ ಕ್ರಮವೂ ಇಲ್ಲ. ಮೆನನ್ನರು ಉತ್ತರ ಮುಂಬಯಿಯ ಸದಸ್ಯರಾಗಿ ಮುಂದುವರಿದರು. ಮಂತ್ರಿಯನ್ನು ಉಳಿಸಲು ಫೆಬ್ರವರಿಯಲ್ಲಿ ಬೇಕಾದ ಮತ ನವೆಂಬರಿನಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅತ್ತ ಸೋತ ಕೃಪಲಾನಿಯವರು 1963ರಲ್ಲಿ ಅಮ್ರೋಹಾದ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಮರಳಿದರು. ಆ ಆಗಸ್ಟಿನಲ್ಲಿ ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯವನ್ನು ಮಂಡಿಸಿದವರು ಅವರೇ. ನಿರ್ಣಯ ಬಿದ್ದುಹೋಯಿತು. ತಿಮ್ಮಯ್ಯನವರು ಸೈಪ್ರಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗ 1965ರ ಡಿಸೆಂಬರಿನಲ್ಲಿ ತೀರಿಕೊಂಡರು.

ನೆಹರೂ ಅವರು 1964ರಲ್ಲಿ ತೀರಿಕೊಂಡ ಮೇಲೆ ಮೆನನ್ನರಿಗೆ ಪಕ್ಷದಲ್ಲಿ ಯಾವ ಆಸರೆಯೂ ಉಳಿಯಲಿಲ್ಲ. 1967ರ ಚುನಾವಣೆಯ ಹೊತ್ತಿಗೆ ಉತ್ತರ ಮುಂಬಯಿಯ ಕ್ಷೇತ್ರ ವಾಯವ್ಯ ಮತ್ತು ಈಶಾನ್ಯ ಎಂದು ಇಬ್ಭಾಗವಾಗಿತ್ತು. ಹತ್ತು ವರ್ಷ ಪ್ರತಿನಿಧಿಯಾಗಿದ್ದವರಿಗೆ, ಅವರು ಮಹಾರಾಷ್ಟ್ರದವರಲ್ಲವೆಂಬ ಕಾರಣವೊಡ್ಡಿ, ಮುಂಬಯಿ ಕಾಂಗ್ರೆಸ್ ಟಿಕೆಟ್ಟು ನಿರಾಕರಿಸಿತು. ಅವರು ಪಕ್ಷವನ್ನು ಬಿಟ್ಟು ಈಶಾನ್ಯ ಮುಂಬಯಿಯಲ್ಲಿ ಪಕ್ಷೇತರರಾಗಿ ನಿಂತರು. 1966ರ ಜೂನಿನಲ್ಲಿ ಹುಟ್ಟಿದ್ದ ಶಿವಸೇನೆ ಅವರ ವಿರುದ್ಧ ಪ್ರಚಾರ ಮಾಡಿತು. ದಕ್ಷಿಣದವರೆಲ್ಲರನ್ನೂ ಒಂದೇ ಹೆಸರಿನಿಂದ ಹಳಿಯುತ್ತಿದ್ದ ಆ ದಿನಗಳಲ್ಲಿ ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಕುಳಿತವನಿಗೂ ದೇಶದ ಮಾಜಿ ರಕ್ಷಣಾ ಮಂತ್ರಿಗೂ ವ್ಯತ್ಯಾಸವಿರಲಿಲ್ಲ. ಮುಂಬಯಿಯ ಕನ್ನಡಿಗರು ಆ ಚುನಾವಣೆಯನ್ನು ಬರಿಯ ಪ್ರೇಕ್ಷಕರಾಗಿ ನೋಡುವಂತಿರಲಿಲ್ಲ. ಕಾಂಗ್ರೆಸ್ಸಿನ ಎಸ್. ಜಿ. ಬರ್ವೆಯವರು ಗೆದ್ದರು. ಅವರು ಕೆಲವೇ ದಿನಗಳಲ್ಲಿ ಅಕಾಲ ಮರಣಕ್ಕೀಡಾಗಲು, ಉಪಚುನಾವಣೆಯಲ್ಲಿ ಅವರ ಸೋದರಿ ತಾರಾ ಸಪ್ರೆಯವರ ಎದುರಿಗೂ ಮೆನನ್ನರು ಸೋತರು. ಅದೇ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಸ. ಕಾ. ಪಾಟೀಲರನ್ನು ಸೋಲಿಸಿದವರು ಮಂಗಳೂರಿನಿಂದ ಬಂದಿದ್ದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್. ಮುಂದೆ ಮೆನನ್ನರು ಕುಳಿತಿದ್ದ ರಕ್ಷಣಾ ಮಂತ್ರಿಯ ಪೀಠದಲ್ಲಿ ಅವರೂ ಕುಳಿತರೆಂಬುದು ಬೇರೆ ಕಥೆ.

ಮೆನನ್ನರು ಸರ್ವೋಚ್ಚ ನ್ಯಾಯಾಲಯದಲ್ಲಿ ವಕೀಲಿ ವೃತ್ತಿಯನ್ನು ನಡೆಸಿದರು, ಇ. ಎಂ. ಎಸ್. ನಂಬೂದಿರಿಪಾಡರ ನ್ಯಾಯಾಲಯನಿಂದೆಯ ಮೊಕದ್ದಮೆಯಲ್ಲಿ ಅವರ ಪರ ವಾದಿಸಿದರು. 1969ರಲ್ಲಿ ಬಂಗಾಳದ ಮಿದ್ನಾಪುರದಿಂದಲೂ 1971ರಲ್ಲಿ ತಿರುವನಂತಪುರದಿಂದಲೂ ಎಡಪಕ್ಷಗಳ ಬೆಂಬಲದಿಂದ ಲೋಕಸಭೆಗೆ ಆರಿಸಿಬಂದರು. ತಮ್ಮ ಮಲಯಾಳದ ನೆಲ ಅವರನ್ನು ಲೋಕಸಭೆಗೆ ಕಳುಹಿಸಿದ್ದು ಅದೊಂದೇ ಸಲ. ಮಂತ್ರಿಪದವಿ ಮತ್ತೆ ಬರಲಿಲ್ಲ. 1974ರ ಅಕ್ಟೋಬರ್ 6ರಂದು ಅವರು ದಿಲ್ಲಿಯಲ್ಲಿ ನಿಧನರಾದರು. ಆಗಲೂ ಅವರು ಲೋಕಸಭೆಯ ಸದಸ್ಯರಾಗಿದ್ದರು.